ಮರುಳಪ್ಪನವರ ಎಡಗಾಲು

ಹಂದನಕೆರೆಯ ಮರುಳಪ್ಪನವರಿಗೆ ಕಾರು ಬೇಕಾಗಿರಲಿಲ್ಲ. ಬೇಕಾಗಿದ್ದುದು ಬೀಗರ ಬಾಯಿ ಮುಚ್ಚಿಸುವಂಥ ಒಂದು ಸಾಮಾನು. ಅದು ತಿಪಟೂರಿನ ಯಾವ ಅಂಗಡಿಯಲ್ಲೂ ಸಿಕ್ಕದ್ದರಿಂದ ಕಾರು ತಂದರು.

ಆದದ್ದು ಇಷ್ಟು. ಅವರ ಒಬ್ಬಳೇ ಮಗಳು ವನಜಾಕ್ಷಿಯನ್ನು ತುರುವೇಕೆರೆ ತಾಲ್ಲೂಕಿನ ದಂಡಿನಶಿವರಕ್ಕೆ ಕೊಟ್ಟಿದ್ದರು. ಮದುವೆಯಾದ ಮರುವರ್ಷವೇ ಹುಡುಗಿ ಬಸುರಿಯಾದಳು. ಚೊಚ್ಚಲ ಬಾಣಂತನ ತವರುಮನೆಯದು ಎಂಬುದಕ್ಕೆ ನಮ್ಮ ಕಡೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಬೀಗರಾದ ಬಸವರಾಜು ಅಪ್ಪಣೆ ಕೊಟ್ಟೇ ಅಭ್ಯಾಸವಾದವರು. ಸರ್ಕಾರಿ ಬಸ್ಸಿನ ಡ್ರೈವರಾಗಿ ಆಯಸ್ಸು ಸವೆಸಿ ರಿಟೈರಾಗಿದ್ದರು; ಖಾಕಿ ಬಿಟ್ಟರೂ ಖಾಕಿಯ ಗತ್ತು ಬಿಟ್ಟಿರಲಿಲ್ಲ. ಸೀಮಂತದ ಊಟಕ್ಕೆ ಕೂತಾಗ ಇಡೀ ಪಂಕ್ತಿಗೆ ಕೇಳುವಂತೆ ಒಂದು ಪ್ರಶ್ನೆ ಹಾಕಿದರು. ಹಂದನಕೆರೆಯಿಂದ ತಿಪಟೂರಿನ ಆಸ್ಪತ್ರೆಗೆ ಮೊದಲನೇ ಬಸ್ಸು ಹೊರಡುವುದೇ ಬಿಸಿಲು ಬಂದ ಮೇಲೆ. ಹೆರಿಗೆ ನೋವು ಬಸ್ಸಿನ ಟೈಮು ಕೇಳಿಕೊಂಡು ಬರುತ್ತದೆಯೇ? ತಮ್ಮ ಮನೆಯಾದರೆ ಎದುರಿಗೇ ನರ್ಸಮ್ಮ, ಪಕ್ಕದಲ್ಲೇ ಟ್ಯಾಕ್ಸಿ. ಸೊಸೆ ತಮ್ಮಲ್ಲೇ ಇದ್ದರೆ ಏನು ತಪ್ಪು?

ಮರುಳಪ್ಪನವರ ಬಾಯಲ್ಲಿ ಆಗ ಹೋಳಿಗೆ ಇತ್ತು. ಬಾಯಲ್ಲಿ ಹೋಳಿಗೆ ಇದ್ದಾಗ ಮನುಷ್ಯ ಮಾತಾಡಬಾರದು. ಅವರು ಮಾತಾಡಿದರು.

"ನಮ್ಮನೆ ಮುಂದೆ ನಮ್ದೇ ಗಾಡಿ ನಿಂತಿರ್ತದೆ ಬುಡಿ ಬೀಗ್ರೇ."

ಅವರ ಹೆಂಡತಿ ಸಿದ್ದಗಂಗಮ್ಮ ತುಪ್ಪದ ಗಿಂಡಿ ಹಿಡಿದವಳು ಹಿಡಿದಂತೆಯೇ ನಿಂತಳು. ಆ ಹೊತ್ತಿನಲ್ಲಿ ಅವರ ಮನೆಯ ಮುಂದೆ ನಿಂತಿದ್ದದ್ದು ಒಂದು ಸೈಕಲ್ಲು ಮತ್ತು ಎದುರುಮನೆ ತಿಮ್ಮಯ್ಯನ ಎಮ್ಮೆ.

ಬಸವರಾಜು ಒಪ್ಪಿದರು, ಆದರೆ ಡ್ರೈವರ್ ಒಪ್ಪಿಗೆ ಕೊಡುವ ಹಾಗೆ ಒಪ್ಪಿದರು. ಗಾಡಿ ಇರುವ ತನಕ ಬಾಣಂತನ ಹಂದನಕೆರೆಯಲ್ಲಿ. ಗಾಡಿ ಕೈಕೊಟ್ಟಿತು ಎಂದು ಒಂದು ದಿನ ಕಿವಿಗೆ ಬಿದ್ದರೂ ಸಾಕು, ತಾವೇ ಬಂದು ಸೊಸೆಯನ್ನು ಕರೆದುಕೊಂಡು ಹೋಗುವುದು. ಮರುಳಪ್ಪನವರಿಗೆ ಮಗಳೆಂದರೆ ಪ್ರಾಣ. ಮದುವೆಯಾಗಿ ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಬಾಣಂತನದ ನೆಪದಲ್ಲಿ ಕೆಲವು ತಿಂಗಳು ಮಗಳು ಒಳಗೆ ಓಡಾಡುತ್ತಾಳೆ, ಜೊತೆಗೊಂದು ಕೂಸು ಅಳುತ್ತದೆ ಎಂಬ ಆಸೆಯಲ್ಲೇ ಅವರು ದಿನ ದೂಡುತ್ತಿದ್ದರು. ಆ ಆಸೆ ಈಗ ನಾಲ್ಕು ಚಕ್ರದ ಮೇಲೆ ಕೂತಿತು.

ತಿಪಟೂರಿನ ಒಬ್ಬ ಕೊಬ್ಬರಿ ದಲ್ಲಾಳಿ ಒಂದು ಹಳೇ ಗಾಡಿ ಕೊಡಿಸಿದ. ಎತ್ತರ ನೋಡಿದರೆ ಜೀಪು, ಉದ್ದ ನೋಡಿದರೆ ಅರ್ಧಕ್ಕೇ ನಿಲ್ಲಿಸಿದ ಜೀಪು. ಅದಕ್ಕೆ ಎಸ್‌ಯುವಿ ಎನ್ನುತ್ತಾರೆ ಎಂದು ದಲ್ಲಾಳಿ ಹೇಳಿಕೊಟ್ಟ. ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಗಾಡಿ ಅಷ್ಟು ಗಟ್ಟಿ, ರಿಪೇರಿಗೇ ಬರುವುದಿಲ್ಲ, ಅದಕ್ಕೇ ಕಂಪನಿ ಮುಳುಗಿತು ಎಂದ. ಮರುಳಪ್ಪನವರಿಗೆ ಈ ವಾದದಲ್ಲಿ ಯಾವ ದೋಷವೂ ಕಾಣಲಿಲ್ಲ.

ರಿಪೇರಿಗೇ ಬರದ ಗಾಡಿ ಒಂದು ವಾರದಲ್ಲಿ ತಿಪಟೂರಿನ ಮೆಕ್ಯಾನಿಕ್ ಲಿಯಾಕತ್ ಅಲಿಯ ಶೆಡ್ಡಿನಲ್ಲಿತ್ತು. ಮೊದಲು ಸೈಲೆನ್ಸರ್ ಬಿತ್ತು, ಆಮೇಲೆ ರೇಡಿಯೇಟರ್ ಸೋರಿತು. ಅದೆಲ್ಲ ಸರಿ ಮಾಡಿ ಕಳಿಸುವಾಗ ಲಿಯಾಕತ್ ಅಲಿ ಬಾನೆಟ್ಟಿನ ಕೆಳಗೆ ಒಂದು ಪುಟ್ಟ ಡಬ್ಬ ತೋರಿಸಿದ. ಗೇರು ಹಾಕಲು ಎಡಗಾಲಲ್ಲಿ ಒತ್ತುವ ಕ್ಲಚ್ಚು ಕೆಲಸ ಮಾಡುವುದು ಈ ಡಬ್ಬದ ಎಣ್ಣೆಯಿಂದ. ಇದು ಸ್ವಲ್ಪ ಸೋರುತ್ತದೆ, ಇಳಿದಾಗಲೆಲ್ಲ ಅಂಗಡಿಯಿಂದ ಇದಕ್ಕೆಂದೇ ಬರುವ ಬಾಟಲಿ ತಂದು ತುಂಬಿ ಎಂದ. ಮರುಳಪ್ಪನವರು ಬಾಟಲಿಯ ಬೆಲೆ ಕೇಳಿದರು. ಕೇಳಿ, ಬಾಟಲಿ ಕೊಳ್ಳದೆಯೇ ಗಾಡಿ ಹತ್ತಿದರು.

ಇಲ್ಲಿ ಮರುಳಪ್ಪನವರ ಕಸುಬು ಹೇಳಬೇಕು. ಅವರದು ತಾತನ ಕಾಲದ ಗಾಣ. ಈಗ ಕರೆಂಟಿನಲ್ಲಿ ತಿರುಗುತ್ತದೆ. ಬಾಗಿಲ ಮೇಲೆ ಬೋರ್ಡು: 'ಶುದ್ಧ ಕೊಬ್ಬರಿ ಎಣ್ಣೆ. ಚಳಿಗೆ ಕಲ್ಲಾಗದಿದ್ದರೆ ಹಣ ವಾಪಸ್.' ಆ ಮನೆಯಲ್ಲಿ ಬಾಗಿಲು ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ಹೊಲಿಗೆ ಮಿಷಿನ್ನಿಗೆ ಕೊಬ್ಬರಿ ಎಣ್ಣೆ, ಕೂಸಿನ ನೆತ್ತಿಗೆ, ಎತ್ತಿನ ಕೊಂಬಿಗೆ, ಸುಟ್ಟ ಗಾಯಕ್ಕೆ, ಮುರಿದ ಮನಸ್ಸಿಗೆ ಕೂಡ ಅದೇ. ಒಂದು ಮೂಗುಬೊಟ್ಟಿನಷ್ಟು ಬಾಟಲಿಗೆ ಕಂಡವರ ಹತ್ತಿರ ದುಡ್ಡು ಸುರಿಯುವುದು ಪಿತೃಗಳಿಗೆ ಮಾಡುವ ಅಪಮಾನ ಎಂದು ಅವರಿಗೆ ಅನಿಸಿತು. ಮನೆಗೆ ಬಂದವರೇ ಗಾಣದ ಮೊದಲ ತಿಳಿ ಎಣ್ಣೆಯನ್ನು ಸೋಸಿ, ಲೋಟದಲ್ಲಿ ತಂದು, ಡಬ್ಬಕ್ಕೆ ತುಂಬಿದರು. ಕ್ಲಚ್ಚು ಮೊದಲಿಗಿಂತ ನಯವಾಯಿತು. ಸೋರಿದಷ್ಟೂ ತುಂಬಿದರು. ತುಂಬಿದಷ್ಟೂ ಸೋರಿತು. ಕಾರ್ತಿಕ ಕಳೆಯುವ ಹೊತ್ತಿಗೆ ಆ ಡಬ್ಬದಿಂದ ತಳದ ಪೈಪಿನವರೆಗೆ ಮರುಳಪ್ಪನವರ ಮನೆತನದ ಕೀರ್ತಿಯೇ ಹರಿಯುತ್ತಿತ್ತು.

ಆಮೇಲೆ ಚಳಿ ಬಂತು.

ಹೆರಿಗೆಯ ದಿನಕ್ಕೆ ತಾಲೀಮು ಇರಲಿ ಎಂದು ಮರುಳಪ್ಪನವರು ದಿನಾ ಬೆಳಗ್ಗೆ ಗಾಡಿಯನ್ನು ಕೆರೆ ಏರಿಯ ತನಕ ಓಡಿಸಿ ತರುತ್ತಿದ್ದರು. ಮಂಜು ದಟ್ಟವಾಗಿದ್ದ ಒಂದು ಮುಂಜಾನೆ ಕೂತು ಕ್ಲಚ್ಚು ಒತ್ತಿದರೆ, ಅದು ಇಳಿಯಲೇ ಇಲ್ಲ. ಬಂಡೆಯ ಮೇಲೆ ಕಾಲಿಟ್ಟ ಹಾಗಿತ್ತು. ಸೀಟಿಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿ ಒತ್ತಿದರು. ಎದುರು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ತಿಮ್ಮಯ್ಯ ಲೋಟ ಹಿಡಿದೇ ಎದ್ದು ಬಂದ. ಅವನ ಹಿಂದೆ ಇನ್ನೂ ನಾಲ್ಕು ಜನ ಬಂದರು. ದೃಷ್ಟಿಯಾಗಿದೆ ಎಂದು ಒಬ್ಬ ಹಳೇ ಚಪ್ಪಲಿ ಕಟ್ಟಿಸಿದ, ಇನ್ನೊಬ್ಬ ನಿಂಬೆಹಣ್ಣು ಕೊಯ್ಯಿಸಿದ. ಹೆರಿಗೆಗೆ ಬಂದು ಒಳಗೆ ಮಲಗಿದ್ದ ಮಗಳಿಗೆ ತಿಳಿಯದಿರಲಿ ಎಂದು ಮರುಳಪ್ಪನವರು ಎಲ್ಲರಿಗೂ ಮೆಲ್ಲಗೆ ಮಾತಾಡಲು ಕೈಮುಗಿದರು. ಇದೇ ಹೊತ್ತಿನಲ್ಲಿ ನೋವು ಬಂದಿದ್ದರೆ ಗತಿಯೇನು?

ಬಿಸಿಲು ನೆತ್ತಿಗೇರುವಾಗ ಇನ್ನೊಮ್ಮೆ ಕೂತು ನೋಡಿದರೆ ಕ್ಲಚ್ಚು ಹೂವಿನಂತೆ ಇಳಿಯಿತು. ಗಾಡಿ ಓಡಿಸಿಕೊಂಡೇ ತಿಪಟೂರಿಗೆ ಹೋದರು. ಲಿಯಾಕತ್ ಅಲಿ ಒತ್ತಿ ನೋಡಿದ, ಡಬ್ಬದ ಮುಚ್ಚಳ ತೆಗೆದು ನೋಡಿದ. ಎಣ್ಣೆ ತಿಳಿಯಾಗಿ, ತುಂಬಿಕೊಂಡೇ ಇತ್ತು. ಕೊಬ್ಬರಿ ವಾಸನೆ ಬಂತು ನಿಜ, ಆದರೆ ತಿಪಟೂರಿನಲ್ಲಿ ಬ್ಯಾಂಕಿನ ಪಾಸ್‌ಬುಕ್ಕಿಗೂ ಕೊಬ್ಬರಿ ವಾಸನೆಯೇ. ಏನೂ ಕಾಣದಾಗ ದೊಡ್ಡದನ್ನೇ ಬದಲಿಸಬೇಕೆಂಬುದು ಲಿಯಾಕತ್ ಅಲಿಯ ಸಿದ್ಧಾಂತ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟು ಹೊಸದು ಹಾಕಿದ. ಬಿಲ್ಲು ನೋಡಿ ಮರುಳಪ್ಪನವರಿಗೆ ಬಾಯಾರಿತು.

ಮರುದಿನ ಮುಂಜಾನೆ ಮತ್ತೆ ಬಂಡೆ. ಮಧ್ಯಾಹ್ನ ಮತ್ತೆ ಹೂವು. ಪ್ರೆಶರ್ ಪ್ಲೇಟು ಹೋಯಿತು, ಬೇರಿಂಗ್ ಹೋಯಿತು, ಅವುಗಳ ಹಿಂದೆ ಅಟ್ಟದ ಮೇಲಿದ್ದ ಕೊಬ್ಬರಿಯೂ ಮೂಟೆ ಮೂಟೆಯಾಗಿ ಮಾರುಕಟ್ಟೆಗೆ ಹೋಯಿತು. ಪ್ರತಿ ಸಲವೂ ಗಾಡಿ ಶೆಡ್ಡಿಗೆ ತಾನಾಗಿ ಓಡಿಕೊಂಡು ಬರುವುದು, ಮರುಳಪ್ಪನವರು ಇಳಿದು ಇದು ಓಡುವುದಿಲ್ಲ ಎಂದು ದೂರುವುದು. ಒಂದು ದಿನ ಲಿಯಾಕತ್ ಅಲಿಗೆ ಸಹನೆ ಮುಗಿಯಿತು. ಕೈ ಒರೆಸಿಕೊಂಡು ಬಂದು, ಗಾಡಿಯನ್ನು ನೋಡದೆ ಮರುಳಪ್ಪನವರ ಮಂಡಿಯನ್ನೇ ನೋಡುತ್ತ ನಿಂತ.

"ಸಾವ್ಕಾರ್ರೇ, ಗಾಡಿಯಲ್ಲಿ ಬದಲಾಯಿಸೋಕೆ ಇನ್ನೇನೂ ಉಳಿದಿಲ್ಲ ಕಣ್ರೀ. ಒಂದ್ಸಲ ನಿಮ್ಮ ಎಡಗಾಲು ಡಾಕ್ಟ್ರಿಗೆ ತೋರ್ಸಿ."

ಮರುಳಪ್ಪನವರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ದಾರಿಯುದ್ದಕ್ಕೂ ಯೋಚಿಸಿದರು. ಚಳಿಯಲ್ಲಿ ಹಿಡಿದುಕೊಳ್ಳುವುದು, ಬಿಸಿಲಿಗೆ ಸಡಿಲವಾಗುವುದು: ಇದು ಕಬ್ಬಿಣದ ಗುಣವೋ, ಐವತ್ತು ದಾಟಿದ ಮಂಡಿಯ ಗುಣವೋ? ಮನೆಗೆ ಬಂದು ಹೇಳಿದಾಗ ಸಿದ್ದಗಂಗಮ್ಮನಿಗೂ ಹೌದೆನಿಸಿತು. ಮರುದಿನ ಬೆಳಗ್ಗೆ ಗಂಡನನ್ನು ಬಚ್ಚಲ ಒಲೆಯ ಮುಂದೆ ಕೂರಿಸಿ, ಎಣ್ಣೆ ಬಿಸಿ ಮಾಡಿ, ತೊಡೆಯಿಂದ ಪಾದದ ತನಕ ಚೆನ್ನಾಗಿ ನೀವಿದಳು. ನೀವಿ, ನೀರು ಹಾಕಿ, ಬಟ್ಟೆ ಸುತ್ತಿ, ರಾಗಿ ಅಂಬಲಿ ಕುಡಿಸಿ ಕಳಿಸುವಾಗ ಹೊರಗೆ ಸೊಗಸಾದ ಬಿಸಿಲು. ಮರುಳಪ್ಪನವರು ಕ್ಲಚ್ಚು ಒತ್ತಿದರು. ಹೂವು. ಅಲ್ಲಿಗೆ ಸಂಶಯವೇ ಉಳಿಯಲಿಲ್ಲ. ಕೆಟ್ಟಿದ್ದು ಕಾರಲ್ಲ, ಕಾಲು.

ಊರು ಈ ಸುದ್ದಿಯನ್ನು ಬಹಳ ಪ್ರೀತಿಯಿಂದ ಬರಮಾಡಿಕೊಂಡಿತು. ದಾರಿಯಲ್ಲಿ ಹೋಗುವವರೆಲ್ಲ ನಿಂತು ಕಾಲಿನ ಯೋಗಕ್ಷೇಮ ಕೇಳಿದರು. ತಿಮ್ಮಯ್ಯ ಲಕ್ಕಿ ಸೊಪ್ಪು ತಂದು ಕಟ್ಟಿದ. ಕಂದಿಕೆರೆಯಲ್ಲಿ ವಾಯು ತೆಗೆಯುವವರೊಬ್ಬರು ಇದ್ದಾರೆಂದು ಇನ್ನೊಬ್ಬ ವಿಳಾಸ ಕೊಟ್ಟ. ಇಷ್ಟು ಜನ ನಂಬಿದ ಮೇಲೆ ಮರುಳಪ್ಪನವರಿಗೆ ನಿಜಕ್ಕೂ ಕಾಲು ಎಳೆಯತೊಡಗಿತು. ಒಮ್ಮೊಮ್ಮೆ ಮರೆತು ಬಲಗಾಲನ್ನೂ ಎಳೆಯುತ್ತಿದ್ದರು.

ಸುದ್ದಿ ಹಂದನಕೆರೆಯಲ್ಲಿ ನಿಂತಿದ್ದರೆ ಚೆನ್ನಾಗಿತ್ತು. ಅದು ಲಿಯಾಕತ್ ಅಲಿಯ ಶೆಡ್ಡಿನಿಂದ ಒಬ್ಬ ಕಂಡಕ್ಟರ ಕಿವಿಗೆ ಬಿತ್ತು. ಬಸ್ಸು ಹತ್ತಿ ತುರುವೇಕೆರೆ ಕಡೆ ಹೊರಟಿತು. ತಿಪಟೂರು ಬಿಡುವಾಗ ಮರುಳಪ್ಪನವರಿಗೆ ಕಾಲು ಹಿಡಿದುಕೊಂಡಿತ್ತು. ದಾರಿಯಲ್ಲಿ ಕಾಲು ಬಿದ್ದುಹೋಯಿತು. ದಂಡಿನಶಿವರದಲ್ಲಿ ಇಳಿಯುವ ಹೊತ್ತಿಗೆ ಎಡಭಾಗವೇ ಹೋಗಿ, ಮಾತೂ ತೊದಲುತ್ತಿತ್ತು. ಮರುದಿನ ಮಧ್ಯಾಹ್ನ ಬಸವರಾಜು ಒಂದು ಕೈಯಲ್ಲಿ ಕಿತ್ತಳೆಹಣ್ಣು, ಇನ್ನೊಂದು ಕೈಯಲ್ಲಿ ಖಾಲಿ ಸೂಟ್‌ಕೇಸು ಹಿಡಿದು ಬಂದಿಳಿದರು. ಹಣ್ಣು ರೋಗಿಗೆ, ಸೂಟ್‌ಕೇಸು ಸೊಸೆಯ ಬಟ್ಟೆಗೆ.

ಸೂಟ್‌ಕೇಸು ಕಂಡ ಕೂಡಲೇ ಮರುಳಪ್ಪನವರು ಎದ್ದು ನಿಂತರು. ಜಗಲಿಯಿಂದ ನೆಗೆದು ಇಳಿದರು. ತಮಗೆ ಏನೂ ಆಗಿಲ್ಲವೆಂದು ತೋರಿಸಲು ಅಂಗಳದಲ್ಲಿ ಅತ್ತಿಂದಿತ್ತ ನಡೆದರು, ಏಣಿ ಹತ್ತಿ ಅಟ್ಟದ ಮೇಲೆ ಹೋಗಿ ಅಲ್ಲಿಂದ ಬೀಗರನ್ನು ಮಾತಾಡಿಸಿದರು. ಗಾಡಿಯಲ್ಲಿ ಕೂರಿಸಿಕೊಂಡು ಕೆರೆ ಏರಿಯ ತನಕ ಸುತ್ತಿಸಿ ತಂದರು. ಮಧ್ಯಾಹ್ನವಾದ್ದರಿಂದ ಕ್ಲಚ್ಚು ಹೂವಾಗಿತ್ತು. ಬಸವರಾಜು ಎಲ್ಲವನ್ನೂ ತುಟಿ ಬಿಗಿದು ನೋಡಿದರು. ಇಳಿದ ಮೇಲೆ, ಕಾಯಿಲೆ ಬೆಳಗಿನದು ಎಂದು ಕೇಳಿದ್ದೇನೆ, ಪರೀಕ್ಷೆ ಮಧ್ಯಾಹ್ನ ಮಾಡಿದರೆ ಆಗುತ್ತದೆಯೇ ಎಂದರು. ನಾಳೆ ಮುಂಜಾನೆ, ಕೋಳಿ ಕೂಗಿದ ಮೇಲೆ, ಬಿಸಿಲು ಬರುವ ಮೊದಲು, ಬೀಗರು ಎಣ್ಣೆ ನೀವಿಸಿಕೊಳ್ಳದೆ ಗಾಡಿ ಹೊರಡಿಸಬೇಕು. ಹೊರಟರೆ ತಾವು ಖಾಲಿ ಸೂಟ್‌ಕೇಸು ಹಿಡಿದು ವಾಪಸ್ಸು. ಹೊರಡದಿದ್ದರೆ ಮೊದಲನೇ ಬಸ್ಸಿಗೆ ಸೊಸೆ ತಮ್ಮ ಜೊತೆ.

ವನಜಾಕ್ಷಿ ಬಾಗಿಲ ಮರೆಯಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಒಂದು ಕಡೆ ಮಾವ, ಇನ್ನೊಂದು ಕಡೆ ಅಪ್ಪ. ತನ್ನನ್ನು ಕೇಳುವವರು ಯಾರೂ ಇಲ್ಲ. ಅವಳು ಕಿತ್ತಳೆ ಸುಲಿದು ತಿನ್ನುತ್ತ ಒಳಗೆ ಹೋದಳು.

ಮುಂಜಾನೆ ಅಂಗಳದಲ್ಲಿ ಅರ್ಧ ಊರೇ ನೆರೆದಿತ್ತು. ಧನುರ್ಮಾಸದ ಪೂಜೆಗೆ ಎದ್ದವರು ದೇವಸ್ಥಾನದಿಂದ ಹಾಗೆಯೇ ಇತ್ತ ಬಂದಿದ್ದರು, ಕೈಯಲ್ಲಿ ಹುಗ್ಗಿಯ ದೊನ್ನೆ ಸಮೇತ. ಮಂಜಿನಲ್ಲಿ ಎದುರುಮನೆಯೂ ಸರಿಯಾಗಿ ಕಾಣುತ್ತಿರಲಿಲ್ಲ. ಬಸವರಾಜು ಮಫ್ಲರ್ ಸುತ್ತಿಕೊಂಡು, ಡಿಪೋದಲ್ಲಿ ಹೊಸ ಡ್ರೈವರನ್ನು ಪರೀಕ್ಷೆ ಮಾಡುವವರಂತೆ ಗಾಡಿಯ ಪಕ್ಕ ನಿಂತಿದ್ದರು. ಮರುಳಪ್ಪನವರು ಮನೆದೇವರನ್ನು ನೆನೆದು ಸೀಟಿನ ಮೇಲೆ ಕೂತರು. ಎಂಜಿನ್ ಸ್ಟಾರ್ಟ್ ಮಾಡಲು ಹೋದರು. ಚಳಿಗೆ ಅದು ಕೆಮ್ಮಿತು, ಬಹಳ ಹೊತ್ತು ಕೆಮ್ಮಿ ಸುಮ್ಮನಾಯಿತು. ಎಡಗಾಲು ಎತ್ತಿ ಕ್ಲಚ್ಚಿನ ಮೇಲಿಟ್ಟರು.

ಆಗ ಒಳಗಿನಿಂದ ಸಿದ್ದಗಂಗಮ್ಮ ಓಡಿಬಂದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಮಗೀಗೆ ನೋವು ಶುರುವಾಗೈತೆ ಕಣ್ರೀ. ನೀರೂ ಹೋಯ್ತು. ಹೊರಡ್ಸಿ ಬೇಗ."

ಪರೀಕ್ಷೆ ಎಂಬುದು ಎಲ್ಲರಿಗೂ ಮರೆತುಹೋಯಿತು. ಮರುಳಪ್ಪನವರು ಒತ್ತಿದರು. ಇಳಿಯಲಿಲ್ಲ. ಸ್ಟೇರಿಂಗ್ ತಬ್ಬಿ ಹಿಡಿದು, ಅರ್ಧ ಎದ್ದು ನಿಂತು ಒತ್ತಿದರು. ಒಳಗಿನಿಂದ ಮಗಳ ನರಳಾಟ ಕೇಳಿತು. ಅವರ ಕಣ್ಣಲ್ಲಿ ನೀರು ಬಂತು. ತಮ್ಮ ಕಾಲನ್ನು ತಾವೇ ಗುದ್ದಿಕೊಂಡರು. ಹಾಳು ಕಾಲು, ಇವತ್ತೊಂದು ದಿನ ನಡೆಸಿಕೊಡಬಾರದೇ ಎಂದು ಬೇಡಿಕೊಂಡರು. ತಿಮ್ಮಯ್ಯ ಕಿಟಕಿಯಲ್ಲಿ ಕೈ ಹಾಕಿ ಮಂಡಿ ನೀವತೊಡಗಿದ.

ಬಸವರಾಜು ಅವರನ್ನು ರಟ್ಟೆ ಹಿಡಿದು ಆಚೆಗೆಳೆದು ತಾವೇ ಕೂತರು. ಆಯಸ್ಸೆಲ್ಲ ಸರ್ಕಾರಿ ಬಸ್ಸಿನ ಕ್ಲಚ್ಚು ತುಳಿದ ಕಾಲು ಅದು. ಆ ಕಾಲಿನ ಮೇಲೆ ಅವರಿಗೆ ಹೆಂಡತಿಯ ಮೇಲಿದ್ದುದಕ್ಕಿಂತ ಹೆಚ್ಚು ನಂಬಿಕೆ. ಅದನ್ನೆತ್ತಿ ಇಟ್ಟು ತುಳಿದರು. ಕ್ಲಚ್ಚು ಕದಲಲಿಲ್ಲ. ಇನ್ನೊಮ್ಮೆ, ಮೈಯೆಲ್ಲ ಭಾರ ಬಿಟ್ಟು ತುಳಿದರು. ಮಂಡಿಯಲ್ಲಿ ಲಟಕ್ ಎಂದು ಏನೋ ಸದ್ದಾಯಿತು, ಕ್ಲಚ್ಚಿನಲ್ಲಿ ಆಗಲಿಲ್ಲ.

"ಅಯ್ಯೋ, ಇವ್ರಿಗೂ ಹತ್ತಿಬಿಡ್ತಲ್ಲಪ್ಪ," ಎಂದ ತಿಮ್ಮಯ್ಯ. ಹತ್ತಿರ ನಿಂತಿದ್ದವರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

ಬಸವರಾಜು ಕುಂಟುತ್ತ ಇಳಿದು ಬಾನೆಟ್ ಎತ್ತಿಸಿದರು. ಯಾರೋ ಟಾರ್ಚು ಬಿಟ್ಟರು. ಪುಟ್ಟ ಡಬ್ಬದ ಮುಚ್ಚಳ ತಿರುಗಿಸಿದರೆ ಒಳಗೆ ಬೆಳ್ಳಗೆ, ಗಟ್ಟಿಯಾಗಿ, ಮೇಣದ ಹಾಗೆ ಒಂದು ಪದಾರ್ಥ ಕೂತಿತ್ತು. ಅಷ್ಟು ವರ್ಷದ ನೌಕರಿಯಲ್ಲಿ ಅವರು ಇಂಥದ್ದನ್ನು ಕಂಡಿರಲಿಲ್ಲ. ಇದು ಯಾವುದೋ ಹೊಸ ರೋಗ ಎಂದು ಅವರು ಹೇಳುತ್ತಿರುವಾಗಲೇ, ಮಗಳ ಬಟ್ಟೆಯ ಗಂಟು ಹಿಡಿದು ಬಂದ ಸಿದ್ದಗಂಗಮ್ಮ ಬಗ್ಗಿ ನೋಡಿ, ಬೆರಳಲ್ಲಿ ತೋಡಿ ಮೂಸಿದಳು.

"ನಮ್ಮೆಣ್ಣೆ ಕಣ್ರೀ ಇದು. ಬಚ್ಚಲಲ್ಲಿ ಬಾಟ್ಲಿಯಾಗೆ ಹೆಪ್ಪುಗಟ್ಟಿ ಕೂರಲ್ವಾ, ಥೇಟು ಹಂಗೇ ಐತೆ."

ಎಲ್ಲರೂ ಮರುಳಪ್ಪನವರನ್ನು ನೋಡಿದರು. ಅವರು ಬೋರ್ಡಿನ ಕಡೆ ನೋಡಿದರು. ಚಳಿಗೆ ಕಲ್ಲಾಗದಿದ್ದರೆ ಹಣ ವಾಪಸ್. ತಮ್ಮ ಎಣ್ಣೆ ಇಷ್ಟು ಅಪ್ಪಟವಾಗಿ ಎಂದೂ ಕಲ್ಲಾಗಿರಲಿಲ್ಲ. ಹೆಮ್ಮೆ ಪಡುವುದಕ್ಕೆ ಮಾತ್ರ ಅದು ಹೊತ್ತಾಗಿರಲಿಲ್ಲ.

ಸ್ನಾನಕ್ಕೆಂದು ಕಾಯಿಸಿದ್ದ ಹಂಡೆಯ ನೀರನ್ನು ಹೆಂಗಸರು ತಂದು ಡಬ್ಬದ ಮೇಲೆ ಸುರಿದರು. ಮೇಲಿನದು ಕರಗಿತು, ತಳದ ಪೈಪಿನೊಳಗೆ ಇದ್ದದ್ದು ಜಪ್ಪಯ್ಯ ಎನ್ನಲಿಲ್ಲ. ಅಷ್ಟರಲ್ಲಿ ಇಬ್ಬರು ಹೆಂಗಸರ ಹೆಗಲ ಮೇಲೆ ಕೈ ಹಾಕಿ ವನಜಾಕ್ಷಿ ಬಂದು ಹಿಂದಿನ ಸೀಟಿನಲ್ಲಿ ಕೂತಳು. ಅವಳ ಹಣೆಯ ಮೇಲೆ ಆ ಚಳಿಯಲ್ಲೂ ಬೆವರಿತ್ತು. ಬಸವರಾಜು ಒಂದು ಕ್ಷಣ ಅವಳ ಮುಖ ನೋಡಿದರು, ಒಂದು ಕ್ಷಣ ರಸ್ತೆ ನೋಡಿದರು. ಆಮೇಲೆ ಮಫ್ಲರ್ ಬಿಗಿ ಮಾಡಿಕೊಂಡು ಸ್ಟೇರಿಂಗಿಗೆ ಕೂತರು. ಕ್ಲಚ್ಚಿಲ್ಲದೆ ಬಸ್ಸನ್ನೇ ಡಿಪೋಗೆ ತಂದಿದ್ದೇನೆ, ಇದು ಬಸ್ಸಿನ ಮರಿ ಎಂದರು. ಗೇರಿನಲ್ಲಿಟ್ಟೇ ಚಾಬಿ ತಿರುಗಿಸುವುದು. ಗಾಡಿ ನೆಗೆದು ಹೊರಡುತ್ತದೆ. ಹೊರಟರೆ ಹೊರಟಿತು. ಮಧ್ಯೆ ನಿಂತರೆ ಎಂಜಿನ್ ಆಫ್ ಆಗುತ್ತದೆ, ಇನ್ನೊಮ್ಮೆ ಹೊರಡಿಸಲು ಈ ಬ್ಯಾಟರಿಯಲ್ಲಿ ಉಸಿರಿಲ್ಲ. ಆದ್ದರಿಂದ ತಿಪಟೂರಿನ ತನಕ ಯಾರೂ ನಿಲ್ಲಿಸಿ ಅನ್ನಬಾರದು.

ಗಾಡಿ ಮರಿಗುದುರೆಯಂತೆ ನೆಗೆಯಿತು. ತಿಮ್ಮಯ್ಯನ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಹುಗ್ಗಿಯ ದೊನ್ನೆಗಳು ಚೆಲ್ಲಾಪಿಲ್ಲಿಯಾದವು. ಊರು ದಾಟಿ ತೆಂಗಿನ ತೋಟಗಳ ನಡುವಿನ ರಸ್ತೆಗೆ ಬಿದ್ದಾಗ ಎಂಜಿನ್ ಸದ್ದು ಕೇಳಿ ಕೇಳಿ, ಬಸವರಾಜು ಕ್ಲಚ್ಚಿಲ್ಲದೆಯೇ ಒಂದೊಂದು ಗೇರು ಏರಿಸಿದರು. ಪ್ರತಿ ಗೇರಿಗೂ ಗಾಡಿಯೊಳಗಿನಿಂದ ತಗಡಿನ ಅಂಗಡಿ ಬಿದ್ದ ಸದ್ದು ಬಂತು. ಹಿಂದೆ ಮಗಳು ನರಳಿದಾಗಲೆಲ್ಲ ಮುಂದೆ ಇಬ್ಬರು ಬೀಗರೂ ಒಟ್ಟಿಗೆ ಉಸಿರು ಬಿಗಿಹಿಡಿಯುತ್ತಿದ್ದರು.

ಮಂಜಿನಲ್ಲಿ ಒಂದು ತಿರುವು ಬಂತು. ಬಸವರಾಜು ಬ್ರೇಕಿನ ಕಡೆ ಕಾಲು ಒಯ್ದವರು ಅರ್ಧದಲ್ಲೇ ನಿಲ್ಲಿಸಿ, ರಸ್ತೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಕೇಳಿದರು.

"ಬೀಗ್ರೇ, ಪಕ್ದಾಗೇ ಬ್ರೇಕಿನ ಡಬ್ಬ ಇತ್ತಲ್ಲ. ಅದಕ್ಕೂ ಹಾಕಿದ್ರಾ?"

ಮರುಳಪ್ಪನವರು ಯೋಚಿಸಿದರು. ಬಹಳ ಪ್ರಾಮಾಣಿಕವಾಗಿ ಯೋಚಿಸಿದರು. ಲೋಟ ಹಿಡಿದುಕೊಂಡು ಹೋದದ್ದು ನೆನಪಿತ್ತು, ಎರಡು ಡಬ್ಬ ಇದ್ದದ್ದು ನೆನಪಿತ್ತು.

"ನೆಪ್ಪಿಲ್ಲ ಬೀಗ್ರೇ," ಎಂದರು.

ಹಿಂದಿನಿಂದ ಸಿದ್ದಗಂಗಮ್ಮ ಶಿವಶಿವಾ ಎಂದಳು. ಬಸವರಾಜುವಿನ ಮೀಸೆಯ ಕೆಳಗೆ ಬೆವರು ಮೂಡಿತು. ತಿರುವು ಹತ್ತಿರ ಬಂತು. ಅವರು ಕಣ್ಣು ಕಿರಿದು ಮಾಡಿ ಬ್ರೇಕನ್ನು ಒಂಚೂರೇ ಮುಟ್ಟಿದರು. ಹಿಡಿಯಿತು. ಗಾಡಿಯಲ್ಲಿದ್ದವರೆಲ್ಲ ಉಸಿರು ಬಿಟ್ಟರು. ಬೀಗರು ಬಾಯಿಗೆ ಬಂದದ್ದನ್ನು ನುಂಗಿಕೊಂಡದ್ದು ಮರುಳಪ್ಪನವರಿಗೆ ಕಾಣಿಸಿತು. ಬಸುರಿಯ ಎದುರು ಆಡುವ ಮಾತು ಅದಾಗಿರಲಿಲ್ಲ.

ಮುಂದಿನ ಊರುಗಳಲ್ಲಿ ಮೊದಲನೇ ಬಸ್ಸಿಗೆ ಕಾದವರು ರಸ್ತೆಯ ಪಕ್ಕ ನಿಂತಿದ್ದರು. ಯಾರೋ ಕೈ ಅಡ್ಡ ಹಿಡಿದರೆ ಸಾಕು, ಬಸವರಾಜುವಿನ ಬಲಗಾಲು ತಾನಾಗಿ ಬ್ರೇಕಿನತ್ತ ಸರಿಯುವುದು. ರಕ್ತದಲ್ಲಿ ಇಳಿದ ಅಭ್ಯಾಸ. ಮರುಳಪ್ಪನವರು ಬಗ್ಗಿ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮಗಳನ್ನು ಕೊಟ್ಟವರು ಬೀಗರ ಕಾಲು ಹಿಡಿಯುವುದು ಲೋಕದಲ್ಲಿ ಇದ್ದದ್ದೇ, ಆದರೆ ಇಷ್ಟು ದೂರ ಹಿಡಿದವರು ಕಡಿಮೆ.

ತಿಪಟೂರು ಬಂತು. ಅವತ್ತು ಕೊಬ್ಬರಿ ಹರಾಜಿನ ದಿನ. ಮಾರುಕಟ್ಟೆಯ ಗೇಟಿನ ಮುಂದೆ ಗೋಣಿಚೀಲ ಹೇರಿದ ಗಾಡಿಗಳು, ಲಾರಿಗಳು, ಅವುಗಳ ನಡುವೆ ರಸ್ತೆಗೆ ಅಡ್ಡಲಾಗಿ ತಿರುಗುತ್ತಿದ್ದ ಒಂದು ಟ್ರ್ಯಾಕ್ಟರು. ಬಲಕ್ಕೆ ಜಾಗವಿಲ್ಲ, ಎಡಕ್ಕೆ ಕಾಫಿ ಹೋಟೆಲು. ಬಸವರಾಜು ಹಾರನ್ ಒತ್ತಿದರು. ಹಾರನ್ ಅಂತೂ ಆ ಗಾಡಿಗೆ ಮೊದಲಿನಿಂದಲೂ ಇರಲಿಲ್ಲ. ಹಿಂದೆ ವನಜಾಕ್ಷಿ ಜೋರಾಗಿ ಕೂಗಿಕೊಂಡಳು. ನಿಲ್ಲಿಸಿದರೆ ಗಾಡಿ ಅಲ್ಲಿಗೇ ಮುಗಿಯಿತು, ನಿಲ್ಲಿಸದಿದ್ದರೆ ಎಲ್ಲರೂ ಮುಗಿದರು. ಬಸವರಾಜು ಕಾಲು ಕೊಡವಿ ಬಿಡಿಸಿಕೊಂಡು ಬ್ರೇಕು ತುಳಿದರು. ಅದರ ಜೊತೆಗೇ ಅವರ ಎಡಗಾಲು, ಬುದ್ಧಿಯನ್ನು ಕೇಳದೆ, ಹಳೇ ಅಭ್ಯಾಸದ ಬಲದಿಂದ ಕ್ಲಚ್ಚಿನ ಮೇಲೂ ಬಿತ್ತು.

ಕ್ಲಚ್ಚು ಹೂವಿನಂತೆ ಇಳಿಯಿತು.

ಅಷ್ಟು ದೂರ ಓಡಿದ ಎಂಜಿನ್ನಿನ ಕಾವಿಗೆ ಒಳಗಿದ್ದದ್ದೆಲ್ಲ ಕರಗಿ ನೀರಾಗಿತ್ತು. ಗಾಡಿ ಟ್ರ್ಯಾಕ್ಟರಿನ ಚಕ್ರಕ್ಕೆ ಒಂದು ಗೇಣು ಈಚೆಗೆ, ಎಂಜಿನ್ ಗುಡುಗುಡು ಎನ್ನುತ್ತಲೇ ನಿಂತಿತು. ಬಸವರಾಜು ನೋವಿಗೆ ಮುಖ ಕಿವಿಚಿಕೊಂಡು, ಹಿಂದಕ್ಕೆ ತೆಗೆದು, ಸಂದಿಯಲ್ಲಿ ನುಗ್ಗಿಸಿ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದರು. ಸ್ಟ್ರೆಚರ್ ಒಳಗೆ ಹೋದ ಮೇಲೆ ಮರುಳಪ್ಪನವರು ಮೆಟ್ಟಿಲ ಮೇಲೆ ಕುಸಿದು ಕೂತು, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.

ಹೊತ್ತು ಏರುವ ಮೊದಲೇ ಹೆಣ್ಣುಮಗು ಹುಟ್ಟಿತು. ತಾಯಿಯೂ ಮಗುವೂ ಕ್ಷೇಮ ಎಂದು ನರ್ಸು ಬಂದು ಹೇಳಿದಾಗ ಇಬ್ಬರು ಬೀಗರೂ ಒಬ್ಬರಿಗೊಬ್ಬರು ಕೈಮುಗಿದರು. ಗಾಡಿಯನ್ನು ನೋಡಲು ಬಂದ ಲಿಯಾಕತ್ ಅಲಿ ಡಬ್ಬಕ್ಕೆ ಮೂಗಿಟ್ಟು ಬಹಳ ಹೊತ್ತು ಹಾಗೆಯೇ ನಿಂತಿದ್ದ. ಒಳಗಿನ ರಬ್ಬರೆಲ್ಲ ಎಣ್ಣೆ ಕುಡಿದು ಊದಿಕೊಂಡಿರುತ್ತದೆ, ಬುಡದಿಂದ ತುದಿವರೆಗೆ ಬದಲಿಸಬೇಕು ಎಂದ. ತಾನು ಬದಲಿಸಿದ್ದ ಪ್ಲೇಟುಗಳ ವಿಷಯವನ್ನು ಅವನೂ ಎತ್ತಲಿಲ್ಲ, ಮರುಳಪ್ಪನವರೂ ಎತ್ತಲಿಲ್ಲ. ಎಡಗಾಲಿನ ಚಿಕಿತ್ಸೆ ಮಾಡಿಸಿಕೊಂಡವರಿಗೆ ಕೇಳುವ ಮುಖವೆಲ್ಲಿ?

ಆದರೆ ಅವರ ಎದೆಯಲ್ಲಿದ್ದ ಭಯ ಬೇರೆ. ಗಾಡಿ ಕೈಕೊಟ್ಟದ್ದನ್ನು ಬೀಗರು ಕಿವಿಯಲ್ಲಿ ಕೇಳಿದ್ದಲ್ಲ, ಕಾಲಲ್ಲೇ ಕಂಡಿದ್ದಾರೆ. ಮಾತೆಂದರೆ ಮಾತು. ಇಲ್ಲಿಂದಲೇ ಮಗಳನ್ನೂ ಮೊಮ್ಮಗಳನ್ನೂ ದಂಡಿನಶಿವರಕ್ಕೆ ಕರೆದುಕೊಂಡು ಹೋಗುತ್ತಾರೆ. ಕಟ್ಟಿಸಿಟ್ಟ ತೊಟ್ಟಿಲು ಖಾಲಿ ತೂಗಾಡುತ್ತದೆ. ಬಸವರಾಜು ದಿನವಿಡೀ ಬೆಂಚಿನ ಮೇಲೆ ಎಡಗಾಲು ಚಾಚಿಕೊಂಡು ಕೂತಿದ್ದರು. ಮಂಡಿ ಕುಂಬಳಕಾಯಿಯಾಗಿತ್ತು. ಬೆಳಗ್ಗೆ ಆ ಬಂಡೆಯನ್ನು ತುಳಿದಾಗ ಉಳುಕಿದ್ದು. ನೆಲಕ್ಕೆ ಊರಬಾರದೆಂದು ಡಾಕ್ಟರು ಪಟ್ಟಿ ಕಟ್ಟಿ ಹೋಗಿದ್ದರು. ಸಂಜೆಯ ಹೊತ್ತಿಗೆ ಮರುಳಪ್ಪನವರು ಧೈರ್ಯ ಮಾಡಿ ಪಕ್ಕದಲ್ಲಿ ಕೂತು, ಏನು ಮಾಡುವುದೆಂದು ಕೇಳಿದರು.

ಬಸವರಾಜು ಸೊಸೆ ಮಲಗಿದ್ದ ಕೋಣೆಯ ಕಡೆ ನೋಡಿದರು.

"ಹುಡುಗಿ ಅಪ್ಪನ ಮನೇಗೆ ಹೋಗ್ತೀನಿ ಅಂತಾಳೆ. ಆಗ್ಲಿ. ಆದ್ರೆ ಆ ಗಾಡಿ ಇರೋ ಮನೇಲಿ ನನ್ ಮೊಮ್ಮಗಳನ್ನ ಒಂಟಿಯಾಗಿ ಬಿಟ್ಟು ನಾನ್ ಹೋಗಾಕಿಲ್ಲ. ಬಾಣಂತನ ಮುಗಿಯೋ ಗಂಟ ನಾನೂ ಅಲ್ಲೇ ಇರ್ತೀನಿ."

ಹಾಗೆಯೇ ಆಯಿತು. ಹಂದನಕೆರೆಯ ಆ ಮನೆಯಲ್ಲಿ ಈಗ ದಿನಾ ಮುಂಜಾನೆ ಎರಡು ಒಲೆ ಉರಿಯುತ್ತವೆ. ಒಳಗಿನ ಒಲೆಯ ಮುಂದೆ ಸಿದ್ದಗಂಗಮ್ಮ ಮಗಳಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರು ಹಾಕುತ್ತಾಳೆ. ಕೂಸು ಊರೆಲ್ಲ ಎಚ್ಚರವಾಗುವಂತೆ ಅಳುತ್ತದೆ, ಆ ಅಳು ಕೇಳಿ ಮರುಳಪ್ಪನವರ ಹೊಟ್ಟೆ ತಣ್ಣಗಾಗುತ್ತದೆ. ಅವರು ಕೂತಿರುವುದು ಹೊರಗಿನ ಒಲೆಯ ಮುಂದೆ. ಅವರ ತೊಡೆಯ ಮೇಲೆ ಬೀಗರ ಎಡಗಾಲು ಇರುತ್ತದೆ. ಬೆಳ್ಳಗೆ ಕಲ್ಲಾಗಿರುವ ಬಾಟಲಿಯನ್ನು ಕೆಂಡದ ಪಕ್ಕದಲ್ಲಿಟ್ಟು ಅವರು ಕಾಯುತ್ತಾರೆ, ಸ್ವಲ್ಪ ಕರಗಿದರೆ ಸಾಕೆಂದು ಅಂಗೈಗೆ ಸುರಿದುಕೊಳ್ಳುತ್ತಾರೆ, ಮೆತ್ತಗೆ ನೀವಲು ಶುರುಮಾಡುತ್ತಾರೆ.

ಬಸವರಾಜು ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ:

"ಇನ್ನೂ ಒಂಚೂರು ಕಾಯ್ಸಿ ಬೀಗ್ರೇ. ಹೆಪ್ಪು ಹಂಗೇ ಐತೆ."